ಪತ್ರಮೈತ್ರಿ (ಮುಂಬಯಿ)

ಮುಖಪರಿಚಯವಿಲ್ಲದವರು ಅಂಚೆಯ ಮೂಲಕ ಬೆಳೆಸಿಕೊಳ್ಳುವ ಸ್ನೇಹ. ಇದಕ್ಕೆ ಬರೆಯುವ ಹುಮ್ಮಸ್ಸಿಗಿಂತ ಮೊದಲು ಬೇಕಾದದ್ದು ವಿಳಾಸ ಒದಗಿಸುವ ಮಧ್ಯವರ್ತಿ. ವಲಸಿಗರ ನಗರವಾದ ಮುಂಬಯಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1913ರಲ್ಲಿ ಪೂರ್ಣಗೊಂಡ, ವಿಜಯಪುರದ ಗೋಳಗುಮ್ಮಟವನ್ನು ನೆನಪಿಸುವ ಪ್ರಧಾನ ಅಂಚೆ ಕಚೇರಿಯ ಬಳಿ ಕೂರುತ್ತಿದ್ದ ವೃತ್ತಿಪರ ಪತ್ರಲೇಖಕರು ಓದುಬರಹ ಬಾರದ ಕೂಲಿಕಾರರಿಗೆ ಕಾಗದ ಬರೆದುಕೊಡುತ್ತಿದ್ದರು. ಎಂದರೆ ಅಕ್ಷರ ಬಾರದಿರುವುದು ಕೂಡ ಪತ್ರವ್ಯವಹಾರಕ್ಕೆ ತಡೆಯಾಗಲಿಲ್ಲ. ಆದರೆ ಆ ಕಾಗದಗಳು ಹೋದದ್ದು ಊರಿನ ಮನೆಗೆ. ಅಪರಿಚಿತರನ್ನು ಬೆಸೆದದ್ದು ಹೆಸರು, ವಯಸ್ಸು, ಹವ್ಯಾಸ, ವಿಳಾಸಗಳನ್ನು ಅಚ್ಚು ಹಾಕಿದ ಪತ್ರಿಕೆಗಳ ಪತ್ರಮಿತ್ರ ಅಂಕಣಗಳು.

ಸ್ನೇಹ ಆಕಸ್ಮಿಕವಾಗಿಯೂ ಹುಟ್ಟೀತು ಎನ್ನುವವರು ರಿತೇಶ್ ಬಾತ್ರಾ ಅವರ ‘ದಿ ಲಂಚ್‌ಬಾಕ್ಸ್’ (2013) ಚಿತ್ರವನ್ನು ತೋರಿಸಬಹುದು. ಅಲ್ಲಿ ತಪ್ಪಿ ಬಂದ ಊಟದ ಡಬ್ಬಿಯೇ ಇಬ್ಬರು ಅಪರಿಚಿತರ ಚೀಟಿಗಳನ್ನು ಹೊರುತ್ತದೆ. ಆದರೆ ಡಬ್ಬಿ ತಲುಪಿಸುವ ಡಬ್ಬಾವಾಲಾ ದಿನವೂ ಅದೇ ತಪ್ಪು ಮಾಡದಿದ್ದರೆ ಎರಡನೆಯ ಚೀಟಿ ತಲುಪುತ್ತಿರಲಿಲ್ಲ; ಮಧ್ಯವರ್ತಿ ಅಲ್ಲಿಯೂ ಇದ್ದಾನೆ. ಅಂತರ್ಜಾಲ ಪತ್ರಮೈತ್ರಿಯ ಹವ್ಯಾಸವನ್ನು ಮುಗಿಸಿತೆಂಬ ಮಾತೂ ಅರ್ಧಸತ್ಯ. ಪೋರ್ಚುಗಲ್‌ನಲ್ಲಿ 2005ರಲ್ಲಿ ಆರಂಭವಾದ, ಅಪರಿಚಿತರ ನಡುವಿನ ಅಂಚೆಕಾರ್ಡು ವಿನಿಮಯ ಯೋಜನೆ ಪೋಸ್ಟ್‌ಕ್ರಾಸಿಂಗ್‌ನಲ್ಲಿ ವಿಳಾಸ ಸಿಗುವುದು ಅಂತರ್ಜಾಲದಲ್ಲಿ. ಕಾರ್ಡು ಹೋಗುವುದು ಅಂಚೆಯಲ್ಲೇ.