ಬಿಜಾಪುರದ ಚಿತ್ರಗ್ರಂಥಗಳು: ಚಿತ್ರ ಬಿಡಿಸುವ ವಿದ್ಯಾರ್ಥಿಗಳಿಗೊಂದು ಪರಿಚಯ

ನಾನು ಇತಿಹಾಸ ಪಾಠ ಮಾಡುತ್ತಿದ್ದ ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಕುಳಿತುಕೊಳ್ಳುತ್ತಿದ್ದ. ನಾನು ಕರಿಹಲಗೆಯ ಮುಂದೆ ನಿಂತು ತಾಳಿಕೋಟೆಯ ಯುದ್ಧವನ್ನು ವಿವರಿಸುತ್ತಿದ್ದರೆ ಅವನು ನೋಟ್ ಪುಸ್ತಕದ ಅಂಚಿನಲ್ಲಿ ಆನೆ, ಕುದುರೆ, ಕತ್ತಿ, ಗುರಾಣಿಗಳನ್ನು ಬಿಡಿಸುತ್ತಿದ್ದ. ಒಂದು ದಿನ ಆ ಪುಸ್ತಕವನ್ನು ಕಿತ್ತುಕೊಂಡು, "ಇದರಿಂದ ಹೊಟ್ಟೆ ತುಂಬುತ್ತದೆಯೇನೋ?" ಎಂದು ಎಲ್ಲರ ಮುಂದೆ ಗದರಿಸಿದೆ. ಅವನು ಮುಂದೆ ಚಿತ್ರ ಬಿಡಿಸುವುದನ್ನೇ ನಿಲ್ಲಿಸಿಬಿಟ್ಟನೆಂದು ಕೆಲವು ವರ್ಷಗಳ ನಂತರ ತಿಳಿಯಿತು. ನಾನು ಪಾಠ ಮಾಡುತ್ತಿದ್ದ ಅದೇ ಯುದ್ಧದಲ್ಲಿ ಹೋರಾಡಿದ ಸುಲ್ತಾನನ ಗ್ರಂಥಾಲಯದಲ್ಲಿ, ಆನೆ ಕುದುರೆಗಳನ್ನು ಬಿಡಿಸುವುದೇ ಹಲವರ ಹೊಟ್ಟೆಪಾಡಾಗಿತ್ತು ಎಂಬುದನ್ನು ನಾನು ಓದಿದ್ದು ಅದಕ್ಕೂ ಬಹಳ ತಡವಾಗಿ.

ಆ ಸುಲ್ತಾನ ಬಿಜಾಪುರದ ಒಂದನೇ ಅಲಿ ಆದಿಲ್ ಶಾಹ. 1565ರ ಯುದ್ಧದ ಸಂದರ್ಭದಲ್ಲಿ ಮಾತ್ರ ಅವನ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಎತ್ತುತ್ತವೆ. ಆದರೆ ಅವನಿಗೆ ಪುಸ್ತಕಗಳ ಹುಚ್ಚು ಎಷ್ಟಿತ್ತೆಂದರೆ, ಪ್ರಯಾಣದಲ್ಲಿಯೂ ಪುಸ್ತಕದ ಪೆಟ್ಟಿಗೆಗಳು ಅವನ ಜೊತೆಗೇ ಸಾಗುತ್ತಿದ್ದವು. ಅದೇ ಆಸ್ಥಾನದಲ್ಲಿ ಸೇವೆ ಸಲ್ಲಿಸಿದ್ದ ಇತಿಹಾಸಕಾರ ರಫೀಉದ್ದೀನ್ ಶೀರಾಜಿ, ಅರಮನೆಯ ಗ್ರಂಥಾಲಯದಲ್ಲಿ ಸುಮಾರು 60 ಮಂದಿ ದಿನವಿಡೀ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಅವರಲ್ಲಿ ಅಂದವಾಗಿ ಬರೆಯುವವರು, ಚಿನ್ನದ ಲೇಪ ಹಚ್ಚುವವರು, ಪುಟಗಳನ್ನು ಅಲಂಕರಿಸುವವರು, ಪುಸ್ತಕಗಳಿಗೆ ರಟ್ಟು ಕಟ್ಟುವವರು ಎಲ್ಲರೂ ಇದ್ದರು. ಗ್ರಂಥಾಲಯವೆಂದರೆ ಆಗ ಪುಸ್ತಕ ಓದುವ ಸ್ಥಳವಷ್ಟೇ ಅಲ್ಲ, ಪುಸ್ತಕ ತಯಾರಾಗುವ ಕಾರ್ಖಾನೆಯೂ ಹೌದು.

ಅವನ ಆಳ್ವಿಕೆಯಲ್ಲಿ ಸಿದ್ಧವಾದ ಒಂದು ಗ್ರಂಥವನ್ನು ನಮ್ಮ ಎಳೆಯ ಚಿತ್ರಕಾರರು ಎಲ್ಲಕ್ಕಿಂತ ಮೊದಲು ನೋಡಬೇಕು. ಅದರ ಹೆಸರು 'ನುಜೂಮುಲ್ ಉಲೂಮ್', ಅಂದರೆ ವಿದ್ಯೆಗಳ ನಕ್ಷತ್ರಗಳು. ಪಾರ್ಸಿ ಭಾಷೆಯ ಈ ಹಸ್ತಪ್ರತಿಯ ಮೇಲಿರುವ ಕಾಲ 1570. ಇದರಲ್ಲಿ 400ಕ್ಕೂ ಹೆಚ್ಚು ಚಿತ್ರಗಳಿವೆ. ಗ್ರಹಗಳು, ರಾಶಿಗಳು, ದೇವಚರರು, ಆಯುಧಗಳು, ಆನೆ ಕುದುರೆಗಳು, ಮಂತ್ರಯಂತ್ರಗಳು ಹೀಗೆ ಒಂದು ರಾಜ್ಯ ಆಳುವವನಿಗೆ ಬೇಕೆಂದು ಆ ಕಾಲ ಭಾವಿಸಿದ್ದೆಲ್ಲವೂ ಅದರಲ್ಲಿ ಸೇರಿದೆ. ಜ್ಯೋತಿಷ್ಯ, ಮಂತ್ರಗಳ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಚಿತ್ರಕಾರನ ಕಣ್ಣಿನಿಂದ ನೋಡುವಾಗ ಇದು ಬೇರೆಯೇ ಪಾಠ ಹೇಳುತ್ತದೆ. ಇಲ್ಲಿ ಚಿತ್ರವಿರುವುದು ಅಲಂಕಾರಕ್ಕಲ್ಲ, ವಿವರಣೆಗೆ. ಬರಹ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಚಿತ್ರ ಮಾತನಾಡುತ್ತದೆ. ಏಳು ಅಂತಸ್ತಿನ ಸಿಂಹಾಸನವೊಂದರ ಚಿತ್ರ ಒಂದು ಪುಟದಲ್ಲಿದೆ. ತುತ್ತತುದಿಯಲ್ಲಿ ದೊರೆ, ಕೆಳಗಿನ ಅಂತಸ್ತುಗಳಲ್ಲಿ ಬೇರೆ ಬೇರೆ ಜನ. ರಾಜ್ಯವೆಂದರೇನು ಎಂದು ಹತ್ತು ಪುಟ ಬರೆಯುವ ಬದಲು ಒಂದೇ ಪುಟದಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ್ದಾರೆ. ಇಂದು ವಿಜ್ಞಾನದ ಪಠ್ಯಪುಸ್ತಕಕ್ಕೋ ಮಕ್ಕಳ ಪುಸ್ತಕಕ್ಕೋ ಚಿತ್ರ ಬರೆಯುವವರ ಕೆಲಸವೂ ಇದೇ ಅಲ್ಲವೇ? ಇನ್ನೊಂದು ಸಂಗತಿ. ಬರಹ ಪಾರ್ಸಿಯದಾದರೂ ಅಲ್ಲಿನ ಹಲವು ಸ್ತ್ರೀಯರು ಉಟ್ಟಿರುವುದು ನಮ್ಮ ಸೀರೆಯನ್ನು.

ಎರಡನೆಯದು 'ಪೇಮ್ ನೇಮ್'. ಹೆಸರು ಕೇಳಿದೊಡನೆ ಕನ್ನಡಿಗನಿಗೆ ಅರ್ಥವಾಗುತ್ತದೆ: ಪ್ರೇಮದ ನೇಮ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ದಖನಿ ಭಾಷೆಯಲ್ಲಿ ರಚಿತವಾದ ಪ್ರೇಮಕಥೆ ಇದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಪ್ರತಿಯಲ್ಲಿ 34 ಚಿತ್ರಗಳಿವೆ. ಕಥಾನಾಯಕನ ಮನಸ್ಸಿನಲ್ಲಿ ಸದಾ ಪ್ರಿಯತಮೆಯ ರೂಪವೇ ನೆಲೆಸಿದೆ. ಆದರೆ ಮನಸ್ಸಿನೊಳಗೆ ಇರುವುದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಬಿಜಾಪುರದ ಚಿತ್ರಕಾರರು ಅವನ ಎದೆಯ ಮೇಲೆಯೇ ಆಕೆಯ ಚಿತ್ರ ಬಿಡಿಸಿದರು. ಅವನು ಎಲ್ಲಿ ಹೋದರೂ, ಯಾರೊಡನೆ ಮಾತನಾಡಿದರೂ ಆ ಪುಟ್ಟ ಚಿತ್ರ ಎದೆಯ ಮೇಲೆ ಹಾಗೆಯೇ ಇರುತ್ತದೆ. ಕಥೆಗಳಿಗೆ ಚಿತ್ರ ಬರೆಯಬಯಸುವವರು ಈ 34 ಪುಟಗಳನ್ನು ಒಂದರ ನಂತರ ಒಂದರಂತೆ ನೋಡಬೇಕು. ನಾನು ನೋಡಿದ ಯಾವ ಚಿತ್ರಕಲಾ ಪಠ್ಯದಲ್ಲೂ ಇಷ್ಟು ಸರಳವಾದ ಪರಿಹಾರ ಸಿಕ್ಕಿಲ್ಲ.

ಜೀವಿಗಳ ಚಿತ್ರ ಬಿಡಿಸುವ ಬಗ್ಗೆ ನಮ್ಮ ಮನೆಗಳಲ್ಲಿ ಪ್ರಶ್ನೆಗಳೇಳುವುದು ನನಗೆ ಗೊತ್ತಿದೆ. ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿರುವ ಆ ವಿಷಯಕ್ಕೆ ನಾನು ಕೈಹಾಕುವುದಿಲ್ಲ. ಅಕ್ಷರ ಮತ್ತು ಬಣ್ಣಗಳಲ್ಲಿಯೇ ತೃಪ್ತಿ ಕಾಣುವವರಿಗೂ ಬಿಜಾಪುರದಲ್ಲಿ ಬೇಕಾದಷ್ಟಿದೆ. 'ಜಗದ್ಗುರು ಬಾದಶಹ' ಎಂದು ಜನ ಕರೆಯುತ್ತಿದ್ದ ಎರಡನೇ ಇಬ್ರಾಹಿಂ ಸ್ವತಃ ರಚಿಸಿದ ಹಾಡುಗಳ ಸಂಗ್ರಹ 'ಕಿತಾಬೆ ನೌರಸ್'. ಇರಾನಿನಿಂದ ಬಂದಿದ್ದ ಖಲೀಲುಲ್ಲಾಹ್ ಎಂಬ ಲಿಪಿಕಾರ ಅದರ ಪ್ರತಿಯೊಂದನ್ನು ಬರೆದು 1618ರಲ್ಲಿ ಸುಲ್ತಾನನಿಗೆ ಅರ್ಪಿಸಿದಾಗ ಅವನಿಗೆ 'ಲೇಖನಿಯ ಬಾದಶಹ' ಎಂಬ ಬಿರುದು ದೊರೆಯಿತು. ಸೈನ್ಯವಿಲ್ಲದ, ಕೋಟೆಯಿಲ್ಲದ ಬಾದಶಹ! ಆ ಗ್ರಂಥದ ಕೆಲವು ಹಾಳೆಗಳು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸುವ 'ಅಬ್ರಿ' ಕಲೆಯನ್ನೂ ದಖನಿನ ಕಲಾವಿದರು ಎಲ್ಲಿಗೋ ಕೊಂಡೊಯ್ದರು. ಬಡಕಲು ಕುದುರೆಯ ಮೇಲೆ ಕುಳಿತ ಬಡಕಲು ಸವಾರನೊಬ್ಬನ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಆ ಅಬ್ರಿ ಚಿತ್ರ ನೋಡಿದ ಮೇಲೆ ಹಲವು ದಿನ ನನ್ನ ಕಣ್ಣಿನಿಂದ ಮರೆಯಾಗಲಿಲ್ಲ.

ಇವೆಲ್ಲ ಊರು ಬಿಟ್ಟು ಹೋದ ಕಥೆ ಸಂತೋಷದ್ದಲ್ಲ. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಅದಕ್ಕೆ ಕೆಲವೇ ವರ್ಷ ಮುಂಚೆ, 1680ರ ಸುಮಾರಿಗೆ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬಿಬ್ಬರು ಆದಿಲ್ ಶಾಹಿ ವಂಶದ ಒಂಬತ್ತೂ ಸುಲ್ತಾನರನ್ನು ಒಂದೇ ಚಿತ್ರದಲ್ಲಿ ಕೂರಿಸಿದರು. ಕೊನೆಯವನಾದ ಸಿಕಂದರ್ ಅಲ್ಲಿ ಇನ್ನೂ ಬಾಲಕ. ಮುಳುಗುತ್ತಿದ್ದ ಆಸ್ಥಾನದ ಆ ಕುಟುಂಬಚಿತ್ರವೂ ಈಗ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿಯೇ ಇದೆ. ಬಿಜಾಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. 'ನುಜೂಮುಲ್ ಉಲೂಮ್' ಚೆಸ್ಟರ್ ಬೀಟಿ ಎಂಬ ಗಣಿ ಉದ್ಯಮಿಯ ಸಂಗ್ರಹಕ್ಕೆ ಸೇರಿ, ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಅವನ ಹೆಸರಿನ ಗ್ರಂಥಾಲಯದಲ್ಲಿದೆ.

ಹಾಗಾದರೆ ನಾವು ನೋಡುವುದು ಹೇಗೆ? ಅದಕ್ಕೆ ಮುದ್ರಿತ ಪುಸ್ತಕಗಳಿವೆ. ಮಾರ್ಕ್ ಜೆಬ್ರೋಸ್ಕಿಯವರ 'ಡೆಕ್ಕನಿ ಪೇಂಟಿಂಗ್' 1983ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಹಳಷ್ಟು ಚಿತ್ರಗಳು ಕಪ್ಪು ಬಿಳುಪಿನಲ್ಲಿವೆ. ಆದರೂ ಗೆರೆ ಕಲಿಯುವವರಿಗೆ ಅದೊಂದು ವರವೇ ಎಂದು ನನಗನಿಸುತ್ತದೆ, ಬಣ್ಣದ ಮೋಹವಿಲ್ಲದೆ ಕೈಚಳಕ ಕಾಣುತ್ತದೆ. ಬಿಜಾಪುರದ ಬಗ್ಗೆಯೇ ಆಳವಾಗಿ ಓದಬಯಸುವವರಿಗೆ ಡೆಬೊರಾ ಹಟ್ಟನ್ ಅವರ 'ಆರ್ಟ್ ಆಫ್ ದ ಕೋರ್ಟ್ ಆಫ್ ಬಿಜಾಪುರ್' (2006) ಇದೆ. ಒಂದೇ ಪುಸ್ತಕ ನೋಡುವುದಾದರೆ ಮಾತ್ರ ನನ್ನ ಆಯ್ಕೆ 'ಸುಲ್ತಾನ್ಸ್ ಆಫ್ ಡೆಕ್ಕನ್ ಇಂಡಿಯಾ'. 2015ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ನಡೆಸಿದ ಪ್ರದರ್ಶನಕ್ಕಾಗಿ ನವೀನಾ ನಜಾತ್ ಹೈದರ್ ಮತ್ತು ಮಾರಿಕಾ ಸರ್ದಾರ್ ಇದನ್ನು ಸಿದ್ಧಪಡಿಸಿದರು. ಕೊಳ್ಳಲು ದುಬಾರಿ. ಆದರೆ ಮ್ಯೂಸಿಯಂ ಇಡೀ ಪುಸ್ತಕವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಸಂಘದ ಸದಸ್ಯರಲ್ಲಿ ನನ್ನ ವಿನಂತಿಯೊಂದಿದೆ. ನಮ್ಮ ವಾಚನಾಲಯಗಳಿಗೆ ಪ್ರವೇಶ ಪರೀಕ್ಷೆಯ ಗೈಡುಗಳನ್ನು ಕೊಳ್ಳುವಾಗ ಇಂತಹ ಒಂದಾದರೂ ಪುಸ್ತಕ ಕೊಳ್ಳೋಣ. ಮೊಬೈಲಿನ ಪರದೆಯಲ್ಲಿ ನೋಡುವುದಕ್ಕೂ ಮೇಜಿನ ಮೇಲೆ ತೆರೆದಿಟ್ಟು, ಪಕ್ಕದಲ್ಲಿ ಹಾಳೆಯಿಟ್ಟುಕೊಂಡು ನಕಲು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ವಿದ್ಯಾರ್ಥಿಗಳೇ, ವಿಜಯಪುರಕ್ಕೆ ಪ್ರವಾಸ ಹೋದಾಗ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹಿಂದಿರುಗಬೇಡಿ. ನಗರದ ಪೂರ್ವಕ್ಕಿರುವ ಕುಮಟಗಿಗೂ ಹೋಗಿ. ಅಲ್ಲಿನ ನೀರಿನ ಮಹಲಿನ ಗೋಡೆಗಳ ಮೇಲೆ ಕುದುರೆಯೇರಿ ಚೌಗಾನ್ ಆಡುವವರ ಚಿತ್ರಗಳು ಮಾಸಿಹೋಗಿ ಅಲ್ಪಸ್ವಲ್ಪ ಉಳಿದಿವೆ. ಜೊತೆಯಲ್ಲಿ ಒಂದು ಪೆನ್ಸಿಲು, ಒಂದು ಗೆರೆಯಿಲ್ಲದ ನೋಟ್ ಪುಸ್ತಕವಿರಲಿ. ಬೆಳಿಗ್ಗೆಯೇ ಹೋದರೆ ಕುಳಿತು ಬಿಡಿಸಲು ಸಮಯ ಸಿಗುತ್ತದೆ.