ಪರವಾನಗಿಯಿಲ್ಲದ ಉದ್ಯಮ: ಹಂಪಿ ಪ್ರದೇಶದ ಪ್ರವಾಸೋದ್ಯಮ ಮತ್ತು ಸ್ಥಳೀಯ ಉದ್ಯಮಶೀಲತೆ

ಪ್ರವಾಸೋದ್ಯಮದಿಂದ ಪ್ರಾದೇಶಿಕ ಅಭಿವೃದ್ಧಿ ಸಾಧ್ಯ ಎಂಬ ಮಾತು ನೀತಿಪತ್ರಗಳಲ್ಲೂ ಬಜೆಟ್ ಭಾಷಣಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಆ ಸಾಧನೆಯನ್ನು ಅಳೆಯಲು ನಾವು ಹಿಡಿದಿರುವ ಕೋಲು ಮಾತ್ರ ಒಂದೇ: ಬಂದವರ ತಲೆಲೆಕ್ಕ. ಎಷ್ಟು ಜನ ಬಂದರು ಎಂಬುದು ಒಂದು ಪ್ರದೇಶದ ಜನಪ್ರಿಯತೆಯನ್ನು ಹೇಳುತ್ತದೆ. ಅಲ್ಲಿನ ಜನರ ಕೈಗೆ ಎಷ್ಟು ಸೇರಿತು ಎಂಬುದನ್ನು ಹೇಳುವುದಿಲ್ಲ. ಹಂಪಿ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಈ ಲೇಖನ ಒಂದು ವಾದವನ್ನು ಮುಂದಿಡುತ್ತದೆ. ಪ್ರವಾಸಿಯ ಹಣ ಸ್ಥಳೀಯವಾಗಿ ಉಳಿಯುವುದಕ್ಕೆ ರಸ್ತೆ, ವಿಮಾನ ನಿಲ್ದಾಣ, ಜಾಹೀರಾತುಗಳಿಗಿಂತ ಮುಖ್ಯವಾದುದು ಸಣ್ಣ ಉದ್ಯಮಿಗೆ ತನ್ನ ಜಾಗದ ಮೇಲಿರುವ ಕಾನೂನುಬದ್ಧ ಭರವಸೆ. ಆ ಭರವಸೆ ಇಲ್ಲದ ಕಡೆ ಸಾಲ, ತರಬೇತಿ, ಪ್ರಚಾರ ಯಾವುದೂ ಬೇರು ಬಿಡುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಇದನ್ನು ಸೋರಿಕೆಯ ಪ್ರಶ್ನೆ ಎನ್ನುತ್ತಾರೆ. ಪ್ರವಾಸಿ ಖರ್ಚು ಮಾಡಿದ ಒಂದು ರೂಪಾಯಿ ಕೈ ಬದಲಿಸುವ ಪ್ರತಿ ಸುತ್ತಿನಲ್ಲೂ 20 ಪೈಸೆಯಷ್ಟೇ ಆ ಪ್ರದೇಶದಲ್ಲಿ ಉಳಿದು ಮರುಖರ್ಚಾಗುತ್ತದೆ ಎಂದು ಭಾವಿಸೋಣ. ಸುತ್ತುಗಳೆಲ್ಲ ಮುಗಿದ ಮೇಲೆ ಒಟ್ಟು ವಹಿವಾಟು 1.25 ರೂಪಾಯಿ. ಪ್ರತಿ ಸುತ್ತಿನಲ್ಲೂ 50 ಪೈಸೆ ಉಳಿದರೆ ಅದೇ ರೂಪಾಯಿ 2 ರೂಪಾಯಿಯ ವಹಿವಾಟಾಗುತ್ತದೆ. ಇವು ತತ್ತ್ವವನ್ನು ತೋರಿಸುವ ಊಹಾ ಅಂಕಿಗಳು, ಹಂಪಿಯ ಅಳತೆಗಳಲ್ಲ. ಆದರೂ ಅವು ಹೇಳುವ ಸಂಗತಿ ಸ್ಪಷ್ಟ: ಪ್ರವಾಸಿಗರ ಸಂಖ್ಯೆಯನ್ನು ಒಂದೂವರೆ ಪಟ್ಟು ಹೆಚ್ಚಿಸಲು ಪಡುವ ಶ್ರಮಕ್ಕಿಂತ, ಬಂದ ಹಣವನ್ನು ಇನ್ನೊಂದಿಷ್ಟು ಕಾಲ ಊರಲ್ಲೇ ತಿರುಗಾಡಿಸಿದರೆ ಲಾಭ ಹೆಚ್ಚು. ಬೆಂಗಳೂರಿನಿಂದ ಬಂದ ಕುಟುಂಬ ಆನ್‌ಲೈನ್‌ನಲ್ಲಿ ಕೋಣೆ ಕಾಯ್ದಿರಿಸಿದರೆ ಕಮಿಷನ್ ಹೊರಗೆ ಹೋಗುತ್ತದೆ. ದೊಡ್ಡ ಹೋಟೆಲಿನ ಲಾಭ, ಅದರ ಅಡುಗೆಮನೆಗೆ ಬರುವ ಸಾಮಗ್ರಿಯ ಬೆಲೆ, ಮೇಲಿನ ಹುದ್ದೆಗಳ ಸಂಬಳ ಬಹುಪಾಲು ಹೊರಗಿನದೇ. ಅದೇ ಕುಟುಂಬ ತುಂಗಭದ್ರೆಯ ಆಚೆ ದಡದ ಆನೆಗೊಂದಿಯ ಒಂದು ಮನೆಯಲ್ಲಿ ಉಳಿದು, ಜೋಳದ ರೊಟ್ಟಿ ತಿಂದು, ಹರಿಗೋಲಿನಲ್ಲಿ ಹೊಳೆ ದಾಟಿ, ಊರ ಹೆಣ್ಣುಮಕ್ಕಳು ಹೆಣೆದ ಚೀಲ ಕೊಂಡರೆ ಹಣ ಹೋಗುವ ದಾರಿಯೇ ಬೇರೆ. ಜೋಳ ಬೆಳೆದವರು, ಹರಿಗೋಲಿಗೆ ಬಿದಿರು ಹೆಣೆದವರು, ಬಾಳೆತೋಟದವರು ಎಲ್ಲರೂ ಆ ದಾರಿಯಲ್ಲಿ ಸಿಗುತ್ತಾರೆ.

ಈ ಪ್ರದೇಶಕ್ಕೆ ಸಂಪತ್ತಿನ ಕೊರತೆಯಿಲ್ಲ. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು. ವಿಜಯನಗರ ಮೂಲತಃ ಮಾರುಕಟ್ಟೆಗಳ ನಗರವೂ ಆಗಿತ್ತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 1443ರಲ್ಲಿ ಬಂದ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ದೊಮಿಂಗೊ ಪಾಯಸ್ ಇಬ್ಬರೂ ಪೇಟೆಬೀದಿಗಳ ಬಗ್ಗೆ ಬೆರಗಿನಿಂದ ಬರೆದಿದ್ದಾರೆ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಮುಂದೆ ಚಾಚಿರುವ ಬೀದಿಗಳು, ಅವುಗಳ ಎರಡೂ ಬದಿಯ ಕಲ್ಲುಮಂಟಪಗಳು ಆ ವ್ಯಾಪಾರದ ಕುರುಹುಗಳೇ. ವಿಜಯನಗರದ ಕಾಲದ ತುರ್ತಾ ಕಾಲುವೆ ಇಂದಿಗೂ ಬಾಳೆ, ಭತ್ತಕ್ಕೆ ನೀರುಣಿಸುತ್ತಿದೆ. ಸುತ್ತಲಿನ ಕುಶಲಕಲೆಗಳೂ ಅಷ್ಟೇ ಸಮೃದ್ಧ: ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಬೊಂಬೆ ಮತ್ತು ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ ಕೈಕೆಲಸದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನೋಡಲು ಸ್ಮಾರಕ, ಮಾಡಲು ಕೌಶಲ, ಕೊಳ್ಳಲು ಜನ ಮೂರೂ ಇರುವ ಜಾಗದಲ್ಲಿ ಉದ್ಯಮ ಏಕೆ ಗಟ್ಟಿಯಾಗಿ ನಿಲ್ಲುತ್ತಿಲ್ಲ?

ಉತ್ತರ ಹುಡುಕಲು 2011ರ ಜುಲೈಗೆ ಹೋಗಬೇಕು. ವಿರೂಪಾಕ್ಷ ದೇವಾಲಯದ ಎದುರಿನ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬಜಾರಿನ ಮಂಟಪಗಳಲ್ಲಿ ದಶಕಗಳಿಂದ ಜನ ನೆಲೆಸಿದ್ದರು. ಕಂಬಗಳ ನಡುವೆ ಗೋಡೆ ಎಬ್ಬಿಸಿ ಮನೆ, ಚಹಾದಂಗಡಿ, ಬಟ್ಟೆ ಅಂಗಡಿ, ಅತಿಥಿಗೃಹ ಮಾಡಿಕೊಂಡಿದ್ದರು. ಸ್ಮಾರಕ ರಕ್ಷಣೆಯ ಕಾರಣಕ್ಕೆ ಆ ಕಟ್ಟಡಗಳನ್ನು ಕೆಡವಲಾಯಿತು. ನೂರಾರು ಕುಟುಂಬಗಳು ಒಕ್ಕಲೆದ್ದವು. ಪುನರ್ವಸತಿಗೆ ಕಡ್ಡಿರಾಂಪುರದ ಬಳಿ ಜಾಗ ಗುರುತಿಸಲಾಯಿತು. ಮಂಟಪಗಳಿಗೆ ಹಾನಿಯಾಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪುನರ್ವಸತಿಯ ಯೋಚನೆ ಮನೆಯ ನಿವೇಶನದ ಸುತ್ತಲೇ ಸುತ್ತಿತು. ಈ ಕುಟುಂಬಗಳ ಆಸ್ತಿ ಎಂದರೆ ನಾಲ್ಕು ಗೋಡೆಗಳಲ್ಲ, ದೇವಾಲಯಕ್ಕೆ ಬರುವವರ ಕಾಲ್ದಾರಿಯ ಪಕ್ಕದಲ್ಲಿರುವ ಸ್ಥಾನ. ಕಿಲೋಮೀಟರ್‌ಗಟ್ಟಲೆ ದೂರದ ನಿವೇಶನ ಅದಕ್ಕೆ ಬದಲಿಯಾಗದು. ಅವರನ್ನು ಒತ್ತುವರಿದಾರರೆಂದು ಕಂಡ ಆಡಳಿತಕ್ಕೆ, ಯಾರ ಸಹಾಯವೂ ಇಲ್ಲದೆ ಪ್ರವಾಸಿಗರ ಅಗತ್ಯವನ್ನು ಅರಿತು ವ್ಯಾಪಾರ ಕಟ್ಟಿದ ಉದ್ಯಮಿಗಳೂ ಅವರೇ ಎಂಬುದು ಕಾಣಲಿಲ್ಲ.

ಹೊಳೆಯಾಚೆಯ ವಿರೂಪಾಪುರಗಡ್ಡೆಯ ಕಥೆಯ ವಿವರ ಬೇರೆ, ಒಳಗುಟ್ಟು ಒಂದೇ. 1988ರ ಅಧಿಸೂಚನೆಯಂತೆ ಆ ನಡುಗಡ್ಡೆ ಸಂರಕ್ಷಿತ ಪ್ರದೇಶ. ಅದರ ಹೊರತಾಗಿಯೂ ಅಲ್ಲಿ ರೆಸಾರ್ಟುಗಳು ಎದ್ದವು, ವರ್ಷಗಟ್ಟಲೆ ನಡೆದವು. 2015ರಲ್ಲಿ ಹೈಕೋರ್ಟು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವುಗಳ ವಿರುದ್ಧ ತೀರ್ಪಿತ್ತವು. ಮಾರ್ಚ್‌ನಲ್ಲಿ ತೆರವು ನಡೆಯಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ. ಅಧ್ಯಯನಕ್ಕೆ ಯೋಗ್ಯವಾದುದು ಅದಕ್ಕೂ ಹಿಂದಿನ ಮೂರು ದಶಕ. ಇಂದೋ ನಾಳೆಯೋ ತೆರವಾಗಬಹುದೆಂಬ ಅಂಜಿಕೆಯಲ್ಲಿ ಕಟ್ಟಿದ ಉದ್ಯಮ ಹೇಗಿರುತ್ತದೆ? ಹುಲ್ಲಿನ ಮಾಡು, ತಗಡಿನ ಶೆಡ್ಡು, ತಾತ್ಕಾಲಿಕ ಶೌಚಾಲಯ. ಈ ಸೀಸನ್ನಿನಲ್ಲಿ ಹಾಕಿದ ದುಡ್ಡು ಈ ಸೀಸನ್ನಿನಲ್ಲೇ ಬರಬೇಕು ಎಂಬ ಅವಸರ. ಕೊಳಚೆ ನೀರಿನ ಶುದ್ಧೀಕರಣಕ್ಕೆ, ಅಗ್ನಿಸುರಕ್ಷೆಗೆ, ಕೆಲಸಗಾರರ ತರಬೇತಿಗೆ ಬಂಡವಾಳ ಹಾಕಿದರೆ ಅದು ಮರಳಲು ವರ್ಷಗಳೇ ಬೇಕು. ಅಷ್ಟು ವರ್ಷ ತಾನಿಲ್ಲಿ ಇರುತ್ತೇನೆಂಬ ನಂಬಿಕೆ ಇಲ್ಲದವರು ಅದನ್ನು ಹಾಕುವುದಿಲ್ಲ. ಹೀಗೆ ಭದ್ರತೆಯಿಲ್ಲದ ಸ್ಥಿತಿ ಕಳಪೆ ಉದ್ಯಮವನ್ನು ಹುಟ್ಟಿಸುತ್ತದೆ, ಆ ಕಳಪೆತನವೇ ತೆರವಿಗೆ ಸಮರ್ಥನೆಯಾಗುತ್ತದೆ. ಬ್ಯಾಂಕಿನ ಪಾತ್ರವೂ ಇಲ್ಲಿ ಸೇರುತ್ತದೆ. 2015ರ ಮುದ್ರಾ ಯೋಜನೆಯಲ್ಲಾಗಲಿ, 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಾಗಲಿ ಅಡಮಾನವಿಲ್ಲದ ಸಾಲ ಸಿಗುತ್ತದೆ, ನಿಜ. ಆದರೆ ಹಂಪಿಯ ಪರಂಪರೆ ಪ್ರದೇಶವನ್ನು ನಿರ್ವಹಿಸುವ ಪ್ರಾಧಿಕಾರದ ಅನುಮತಿಯಿಲ್ಲದ ಅಂಗಡಿಗೆ ಪರವಾನಗಿಯಿಲ್ಲ, ಪರವಾನಗಿಯಿಲ್ಲದ ವ್ಯಾಪಾರವನ್ನು ನೆಚ್ಚಿ ಹಣ ಕೊಡಲು ಮ್ಯಾನೇಜರ್ ಹಿಂಜರಿಯುತ್ತಾರೆ. ಸಾಲದ ಯೋಜನೆ ಕಾಗದದ ಮೇಲೆ ತೆರೆದಿದ್ದರೂ ಜಾಗದ ಪ್ರಶ್ನೆ ಬಾಗಿಲಲ್ಲೇ ಅಡ್ಡ ನಿಲ್ಲುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಹೊಳೆಯ ಆಚೆ ದಡದಲ್ಲೇ ಇದೆ. ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕೈಕೆಲಸವನ್ನು ಊರ ಮಹಿಳೆಯರ ಆದಾಯವಾಗಿಸಿತು. ಗೊನೆ ಕಡಿದ ಮೇಲೆ ಬಾಳೆಯ ದಿಂಡು ರೈತನಿಗೆ ಹೊರೆ. ಕಡಿದು ಬದುವಿಗೆ ಎಸೆಯುವುದೇ ರೂಢಿ. ಆ ದಿಂಡಿನ ಪಟ್ಟೆಗಳನ್ನು ಸುಲಿದು, ಬಿಸಿಲಿಗೆ ಒಣಗಿಸಿ, ಸೀಳಿ, ನೀರಿನಲ್ಲಿ ತುಸು ನೆನೆಸಿ ಹದ ಮಾಡಿ, ಅಂಗೈಯಲ್ಲಿ ಹುರಿಗೊಳಿಸಿ ಹಗ್ಗ ಮಾಡುತ್ತಾರೆ. ಆ ಹಗ್ಗದಿಂದ ಚೀಲ, ಚಾಪೆ, ಟೋಪಿ, ಬುಟ್ಟಿ ಹೆಣೆಯುತ್ತಾರೆ. ಕಚ್ಚಾವಸ್ತು ಊರಿನದು, ಅದಕ್ಕೆ ನೀರು ಕೊಡುವ ಕಾಲುವೆ ಊರಿನದು, ಕೈ ಊರಿನದು, ಯಂತ್ರದ ಹಂಗು ಕಡಿಮೆ. ಸೋರಿಕೆ ಇಷ್ಟು ಕಡಿಮೆ ಇರುವ ಉತ್ಪನ್ನ ಪ್ರವಾಸೋದ್ಯಮದಲ್ಲಿ ವಿರಳ. ಇದು ನಿಂತದ್ದಕ್ಕೆ ಸಂಘಟನೆ, ವಿನ್ಯಾಸ, ಮಾರಾಟದ ನೆರವು ಕಾರಣ; ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ, ಈ ಕೆಲಸ ಹೆಂಗಸರ ಸ್ವಂತ ಮನೆಯ ಜಗಲಿಯ ಮೇಲೆ ನಡೆಯಬಲ್ಲದು ಎಂಬುದು. ಅಲ್ಲಿಂದ ಅವರನ್ನು ಯಾರೂ ಏಳಿಸುವಂತಿಲ್ಲ.

ಕೊಡಗಿನ ಹೋಂಸ್ಟೇಗಳ ಬೆಳವಣಿಗೆಯೂ ಇದನ್ನೇ ಸಮರ್ಥಿಸುತ್ತದೆ. ಅದೇ ರಾಜ್ಯ, ಅದೇ ಇಲಾಖೆ, ಅದೇ ನೀತಿ. ಆದರೆ ಕೊಡಗಿನ ಕಾಫಿ ಬೆಳೆಗಾರನಿಗೆ ಜಮೀನು, ಮನೆ ತನ್ನ ಹೆಸರಿನಲ್ಲಿವೆ. ಕಾಫಿ ಬೆಲೆ ಕುಸಿದಾಗ ಖಾಲಿ ಕೋಣೆಗಳನ್ನು ಅತಿಥಿಗಳಿಗೆ ತೆರೆಯುವುದು ಅವನಿಗೆ ಕಡಿಮೆ ಅಪಾಯದ ಹೆಜ್ಜೆ. ಆ ಮಾದರಿಗೂ ಮಿತಿಯಿದೆ: ತೋಟವಿಲ್ಲದವನಿಗೆ, ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕನಿಗೆ ಅದರಲ್ಲಿ ಒಡೆತನದ ಪಾಲಿಲ್ಲ. ಆದ್ದರಿಂದಲೇ, ಆಸ್ತಿಯಿಲ್ಲದವರೇ ಹೆಚ್ಚಾಗಿ ಉದ್ಯಮಕ್ಕಿಳಿಯುವ ಹಂಪಿಯಂಥ ಕಡೆ ಭದ್ರತೆಯನ್ನು ಸಾರ್ವಜನಿಕ ನೀತಿಯೇ ಒದಗಿಸಬೇಕಾಗುತ್ತದೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದುದು ಪರಂಪರೆಯ ಪರವಾದದ್ದು. ವ್ಯಾಪಾರಕ್ಕೆ ಭದ್ರತೆ ಕೊಟ್ಟರೆ ಸ್ಮಾರಕಗಳ ನಡುವೆ ಕಾಂಕ್ರೀಟು ಬೆಳೆಯುತ್ತದೆ ಎಂಬ ಭಯ ಆಧಾರವಿಲ್ಲದ್ದಲ್ಲ. ಆದರೆ 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿದ್ದು ಚಹಾದಂಗಡಿಗಳಿಂದಲ್ಲ, ಹೊಳೆಗೆ ಅಡ್ಡಲಾಗಿ ಕೈಗೆತ್ತಿಕೊಂಡ ಸೇತುವೆಗಳಿಂದ ಎಂಬುದನ್ನು ಮರೆಯಬಾರದು. 2006ರವರೆಗೆ ಅದು ಆ ಪಟ್ಟಿಯಲ್ಲಿತ್ತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿಯ ಹಂತದಲ್ಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪರಂಪರೆಗೆ ದೊಡ್ಡ ಪೆಟ್ಟು ಬಿದ್ದದ್ದು ಸರಿಯಾದ ಯೋಜನೆಯಿಲ್ಲದ ಕಡೆ. ಎಲ್ಲಿ ಕೂಡದು ಎಂದು ಹೇಳುವ ಅಧಿಕಾರ 2002ರ ಕಾಯ್ದೆಯಡಿ ರೂಪುಗೊಂಡ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಇದೆ, ಇರಲೇಬೇಕು. ಎಲ್ಲಿ ಕೂಡುತ್ತದೆ ಎಂಬುದನ್ನೂ ಅದೇ ಖಚಿತತೆಯಿಂದ ಹೇಳಿದಾಗ ಮಾತ್ರ ನಿಷೇಧಕ್ಕೆ ಬಲ ಬರುತ್ತದೆ. ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿಗಳು. ಸ್ಮಾರಕಗಳ ಒಳವಲಯ ಅದರಲ್ಲಿ ಸುಮಾರು 42 ಚದರ ಕಿಲೋಮೀಟರ್ ಮಾತ್ರ. ಉಳಿದ ವಿಸ್ತಾರದಲ್ಲಿ ಸಣ್ಣ ಉದ್ಯಮಕ್ಕೆ ಜಾಗವೇ ಇಲ್ಲ ಎಂದು ವಾದಿಸುವುದು ಕಷ್ಟ.

ಎರಡನೆಯ ಆಕ್ಷೇಪ ದೊಡ್ಡ ಹೂಡಿಕೆಯ ಪರ. ಒಂದು ತಾರಾ ಹೋಟೆಲು ತೆರಿಗೆ ಕೊಡುತ್ತದೆ, ಲೆಕ್ಕ ಇಡುತ್ತದೆ, ಗುಣಮಟ್ಟ ಕಾಯುತ್ತದೆ. ಇದನ್ನು ಒಪ್ಪಬಹುದು, ಮತ್ತು ಹೊಸಪೇಟೆ, ಕಮಲಾಪುರಗಳಲ್ಲಿ ಅವು ಇರಲಿ. ಆದರೆ ದೊಡ್ಡ ಹೋಟೆಲಿನ ಸುತ್ತ ಸ್ಥಳೀಯ ಪೂರೈಕೆದಾರರ ಜಾಲ ತಾನಾಗಿ ಹುಟ್ಟುವುದಿಲ್ಲ. ರಿಯಾಯಿತಿ, ಸಹಾಯಧನ ಕೊಡುವ ಸರ್ಕಾರ ತರಕಾರಿ, ಹಾಲು, ಕುಶಲವಸ್ತುಗಳ ಇಷ್ಟು ಪಾಲು ಜಿಲ್ಲೆಯೊಳಗಿಂದ ಬರಲಿ ಎಂಬ ಷರತ್ತು ಹಾಕಿದಾಗ ಹುಟ್ಟುತ್ತದೆ.

ಮೂರನೆಯದಾದ ಸುರಕ್ಷೆಯ ಆಕ್ಷೇಪವೂ ಗಂಭೀರವಾದುದು. 2025ರ ಮಾರ್ಚ್‌ನಲ್ಲಿ ಹೊಳೆಯಾಚೆಯ ಸಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ಪ್ರವಾಸಿಗರ ಮೇಲೂ ಅವರ ಜೊತೆಗಿದ್ದ ಹೋಂಸ್ಟೇ ನಡೆಸುವ ಮಹಿಳೆಯ ಮೇಲೂ ನಡೆದ ಅಮಾನುಷ ದಾಳಿ, ಅದರಲ್ಲಿ ಆದ ಸಾವು ಇಡೀ ನಾಡನ್ನು ನಡುಗಿಸಿತು. ಸಣ್ಣ ತಂಗುದಾಣಗಳೆಲ್ಲ ಮುಚ್ಚಲಿ ಎಂಬ ದನಿ ಅಂಥ ಹೊತ್ತಿನಲ್ಲಿ ಏಳುವುದು ಸಹಜ. ಆದರೆ ನೋಂದಣಿಯಿಲ್ಲದ ತಂಗುದಾಣಕ್ಕೆ ಬೀಟ್ ಪೊಲೀಸ್ ಹೋಗುವುದಿಲ್ಲ, ಅತಿಥಿಗಳ ಪಟ್ಟಿ ಠಾಣೆಗೆ ತಲುಪುವುದಿಲ್ಲ, ಅಲ್ಲಿಗೆ ಹೋಗುವ ದಾರಿಗೆ ದೀಪ ಹಾಕುವ ಹೊಣೆ ಯಾರದೂ ಆಗಿರುವುದಿಲ್ಲ. ಪರವಾನಗಿ ನಿರಾಕರಿಸಿದ ಮಾತ್ರಕ್ಕೆ ಉದ್ಯಮ ನಿಲ್ಲದು, ಕತ್ತಲಿಗೆ ಸರಿಯುತ್ತದೆ. ಪ್ರವಾಸಿಯ ಸುರಕ್ಷೆಗೂ, ಅವರನ್ನು ಮನೆಗೆ ಕರೆಸಿಕೊಳ್ಳುವ ಹೆಣ್ಣುಮಗಳ ಸುರಕ್ಷೆಗೂ ಕಾನೂನಿನ ಬೆಳಕಿನೊಳಗೆ ಬರುವುದೇ ಮೊದಲ ರಕ್ಷಣೆ.

ಕಾನೂನಿನಲ್ಲಿಯೂ ಒಂದು ಬಿರುಕಿದೆ, ಅದನ್ನು ಗಮನಿಸಿದವರು ಕಡಿಮೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಗರದ ವ್ಯಾಪಾರಿಗೆ ಸಮೀಕ್ಷೆ, ಪ್ರಮಾಣಪತ್ರ, ತೆರವಿಗೆ ಮುನ್ನ ನೋಟಿಸು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಪ್ರಾತಿನಿಧ್ಯ ಕೊಟ್ಟಿದೆ. ಆದರೆ ಹಂಪಿ, ಆನೆಗೊಂದಿಗಳು ಗ್ರಾಮ ಪಂಚಾಯಿತಿಗಳು. ಹೊಸಪೇಟೆಯ ಬೀದಿಯಲ್ಲಿ ಎಳನೀರು ಮಾರುವವರಿಗೆ ಇರುವ ರಕ್ಷಣೆ ವಿಠ್ಠಲ ದೇವಾಲಯದ ದಾರಿಯಲ್ಲೋ, ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳ ಬುಡದಲ್ಲೋ ಮಾರುವವರಿಗಿಲ್ಲ. ದೇಶದ ಎಷ್ಟೋ ಪಾರಂಪರಿಕ, ಧಾರ್ಮಿಕ ತಾಣಗಳು ಹಳ್ಳಿಗಳಲ್ಲೇ ಇರುವಾಗ ಈ ಲೋಪ ಸಣ್ಣದಲ್ಲ. ಇದರ ಜೊತೆಗೆ ಋತುಮಾನದ ಕಷ್ಟವಿದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ದುಡಿದದ್ದರಲ್ಲಿ ವರ್ಷವಿಡೀ ಬದುಕಬೇಕು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟ ದಿನ ಹರಿಗೋಲುಗಳು ದಡ ಸೇರುತ್ತವೆ, ಅಂಬಿಗನ ಆದಾಯ ಅಂದಿಗೆ ನಿಲ್ಲುತ್ತದೆ. ವಾರ್ಷಿಕ ಶುಲ್ಕ, ಮಾಸಿಕ ಕಂತು ಎಂಬ ನಗರದ ಲೆಕ್ಕ ಇವರಿಗೆ ಹೊಂದುವುದಿಲ್ಲ. ಸುಗ್ಗಿಗೆ ತಕ್ಕಂತೆ ಕೃಷಿಸಾಲದ ಕಂತು ನಿಗದಿಯಾಗುವಂತೆ ಇಲ್ಲಿಯೂ ಆಗಬೇಕು.

2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾಯಿತು. ಹೊಳೆಯ ಆಚೆ ದಡ ಕೊಪ್ಪಳ ಜಿಲ್ಲೆಯಲ್ಲೇ ಉಳಿದಿದೆ. ಪ್ರವಾಸಿಗೆ ಒಂದೇ ಆದ ಈ ಭೂದೃಶ್ಯಕ್ಕೆ ಇಬ್ಬರು ಜಿಲ್ಲಾಧಿಕಾರಿಗಳು, ಎರಡು ಜಿಲ್ಲಾ ಪಂಚಾಯಿತಿಗಳು. ಎರಡೂ ದಡಗಳ ಮೇಲೆ ಅಧಿಕಾರವಿರುವುದು ಪ್ರಾಧಿಕಾರಕ್ಕೆ. ಅದರ ಮುಂದಿನ ಮಹಾಯೋಜನೆ ಸಿದ್ಧವಾಗುವಾಗ ನಿಷೇಧಿತ ವಲಯಗಳ ನಕ್ಷೆಯ ಜೊತೆಗೆ ಅನುಮತಿಸಿದ ವ್ಯಾಪಾರಸ್ಥಳಗಳ ನಕ್ಷೆಯೂ ಪ್ರಕಟವಾಗಲಿ. ಆ ಸ್ಥಳಗಳಿಗೆ ಕನಿಷ್ಠ ಹತ್ತು ವರ್ಷದ ಪರವಾನಗಿ ಸಿಗಲಿ. ಬಜಾರಿನಿಂದ ಎದ್ದುಹೋದ ಕುಟುಂಬಗಳ ಹೆಸರು ಆ ಪಟ್ಟಿಯಲ್ಲಿ ಮೊದಲು ಬರಲಿ. ಗ್ರಾಮೀಣ ಪ್ರವಾಸಿ ತಾಣಗಳ ವ್ಯಾಪಾರಿಗಳಿಗೂ 2014ರ ಕಾಯ್ದೆಯಂಥ ರಕ್ಷಣೆ ಸಿಗುವಂತೆ ರಾಜ್ಯ ತನ್ನದೇ ಶಾಸನ ತರಲು ಯಾವ ಅಡ್ಡಿಯೂ ಇಲ್ಲ.