ಹಳೆಯ ಕಾರಿನ ಭಾಷೆ: ಕೋಡ್ ರೀಡರ್ ಕೊಳ್ಳುವ ಮುನ್ನ ಸ್ವಲ್ಪ ಇತಿಹಾಸ

ಊರಿನಲ್ಲಿ ಮನೆ ಕಟ್ಟುವುದಕ್ಕೆ ಮೊದಲು, ಸಾಲ ತೀರಿಸುವುದಕ್ಕೂ ಮೊದಲು, ಗಲ್ಫ್‌ನಲ್ಲಿರುವ ನಮ್ಮಲ್ಲಿ ಅನೇಕರು ಕೊಳ್ಳುವ ಮೊದಲ ದೊಡ್ಡ ವಸ್ತು ಒಂದು ಹಳೆಯ ಕಾರು. ಲೈಸೆನ್ಸ್ ಸಿಕ್ಕ ಸಂಭ್ರಮ ಆರುವ ಮೊದಲೇ, ಕೆಲಸ ಮುಗಿಸಿ ಊರಿಗೆ ಹೊರಟ ಯಾರದೋ ಕಾರು ನಮ್ಮ ಕೈಗೆ ಬಂದಿರುತ್ತದೆ. ನಾವು ನಾಲ್ವರು ರೂಮ್‌ಮೇಟ್‌ಗಳು ಶಾರ್ಜಾದಲ್ಲಿ ಪಾಲು ಹಾಕಿ ಕೊಂಡದ್ದೂ ಅಂಥದ್ದೇ: ಜಪಾನ್ ಕಂಪನಿಯೊಂದರ ಸೆಡಾನ್, 1999ರ ಮಾಡೆಲ್.

ಮೂರನೆಯ ತಿಂಗಳಿಗೆ ಚೆಕ್ ಇಂಜಿನ್ ದೀಪ ಹತ್ತಿತು. ಗ್ಯಾರೇಜಿನವರು ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದರು, ಆಮೇಲೆ ಪೆಟ್ರೋಲ್ ಪಂಪು. ದೀಪ ಆರಲಿಲ್ಲ; ಊರಿಗೆ ಕಳಿಸಬೇಕಿದ್ದ ಹಣ ಮಾತ್ರ ಕರಗಿತು. ಕೊನೆಗೆ ನಾವೇ ಒಂದು ಅಗ್ಗದ ಬ್ಲೂಟೂತ್ ಕೋಡ್ ರೀಡರ್ ತಂದೆವು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇತ್ತು. ರೀಡರ್ ಸರಿಯಾಗಿ ಕೂತಿತು, ಅದರ ಪುಟ್ಟ ದೀಪವೂ ಬೆಳಗಿತು. ಆದರೆ ಮೊಬೈಲಿನಲ್ಲಿ ಒಂದೇ ಉತ್ತರ: ಕಾರಿನೊಂದಿಗೆ ಸಂಪರ್ಕವಿಲ್ಲ. ಸಾಕೆಟ್ ಹೊಂದಿದರೂ ಮಾತು ಯಾಕೆ ಹೊಂದಲಿಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ನಾವು ತಲುಪಿದ್ದು ಅಮೆರಿಕದ ಲಾಸ್ ಏಂಜಲೀಸ್ ನಗರದ ಹೊಗೆಗೆ.

1943ರ ಜುಲೈ ತಿಂಗಳಲ್ಲಿ ಆ ನಗರದ ಮೇಲೆ ಕಣ್ಣುರಿಸುವ ದಟ್ಟ ಮಬ್ಬು ಕವಿಯಿತು. ಎರಡನೇ ಮಹಾಯುದ್ಧದ ಕಾಲ. ಶತ್ರುಗಳ ವಿಷಾನಿಲ ದಾಳಿಯೇ ಇರಬೇಕೆಂದು ಕೆಲವರು ಹೆದರಿದರು. ಕೃತಕ ರಬ್ಬರಿಗೆ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಯ ಮೇಲೂ ಅನುಮಾನ ಬಂತು. ನಿಜವಾದ ಕಾರಣವನ್ನು ಬಿಡಿಸಿದವರು ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಡಚ್ ಮೂಲದ ವಿಜ್ಞಾನಿ ಆರಿ ಹಾಗನ್-ಸ್ಮಿತ್. ಅನಾನಸ್ ಹಣ್ಣಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆ ಎಂದು ಸಂಶೋಧಿಸುತ್ತಿದ್ದ ಅವರು, ನಗರದ ಗಾಳಿಯನ್ನೂ ಹಾಗೆಯೇ ಪರೀಕ್ಷೆಗೆ ಹಚ್ಚಿದರು. ಕಾರುಗಳೂ ತೈಲ ಶುದ್ಧೀಕರಣ ಘಟಕಗಳೂ ಉಗುಳುವ ಅನಿಲಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು.

ಅಲ್ಲಿಂದ ಕಾನೂನು ಬಿಗಿಯಾಗುತ್ತಾ ಹೋಯಿತು. 1970ರಲ್ಲಿ ಅಮೆರಿಕ ಶುದ್ಧ ಗಾಳಿ ಕಾಯ್ದೆಯನ್ನು ಕಠಿಣಗೊಳಿಸಿತು. 1975ರ ಮಾಡೆಲ್‌ಗಳಿಂದ ಅಲ್ಲಿನ ಹೆಚ್ಚಿನ ಕಾರುಗಳ ಸೈಲೆನ್ಸರ್ ಕೊಳವೆಯಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಮುಂದೆ ಬಂದ ಸುಧಾರಿತ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೆರೆಯಬೇಕು. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಇಷ್ಟು ಕರಾರುವಾಕ್ಕಾಗಿ ನಡೆಸುವುದು ಆಗದ ಮಾತು. ಹಾಗಾಗಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬೇಕಾಯಿತು. ಜರ್ಮನಿಯ ಬಾಷ್ ಕಂಪನಿ ಇದನ್ನು ರೂಪಿಸಿತು. 1976ರಲ್ಲಿ ವೋಲ್ವೋ ಕಾರಿನಲ್ಲಿ ಮೊದಲು ಬಂತು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆ ಇದೇ ಬಾಷ್ ಬಳಗದ್ದಾಗಿತ್ತು. ಮೈಕೋ ಸ್ಪಾರ್ಕ್ ಪ್ಲಗ್ ಗೊತ್ತಿಲ್ಲದ ಹಳೆಯ ಮೆಕ್ಯಾನಿಕ್ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ಸೆನ್ಸರ್ ಬಂದ ಮೇಲೆ ಅದರ ಮಾತು ಕೇಳಲು ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದ ಮೇಲೆ, ಸೆನ್ಸರ್ ಕೈಕೊಟ್ಟರೆ ಅದನ್ನು ನೆನಪಿಟ್ಟುಕೊಳ್ಳುವ ಕೋಡ್ ಬಂತು. ಜನರಲ್ ಮೋಟಾರ್ಸ್ 1980ರ ದಶಕದ ಆರಂಭದಲ್ಲೇ ತನ್ನ ಕಾರುಗಳಿಗೆ 12 ಪಿನ್ನಿನ ಸಾಕೆಟ್ ಕೊಟ್ಟಿತು. ಅದರ ಎರಡು ಪಿನ್‌ಗಳನ್ನು ತಂತಿಯಿಂದ ಜೋಡಿಸಿದರೆ ಚೆಕ್ ಇಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತಿತ್ತು: ಒಮ್ಮೆ ಮಿನುಗಿ, ತುಸು ತಡೆದು, ಎರಡು ಸಲ ಮಿನುಗಿದರೆ 12. ಆದರೆ ಪ್ರತಿಯೊಂದು ಕಂಪನಿಯದೂ ಬೇರೆ ಸಾಕೆಟ್, ಬೇರೆ ಭಾಷೆ. ಟೊಯೊಟಾದ್ದು ಬಾನೆಟ್ ಕೆಳಗಿನ ಮುಚ್ಚಳದ ಪೆಟ್ಟಿಗೆ, ಹೋಂಡಾದ್ದು ಎರಡು ಪಿನ್ನಿನ ಪುಟ್ಟ ಕನೆಕ್ಟರ್, ನಿಸ್ಸಾನ್‌ನದು 14 ಪಿನ್ನು, ಮರ್ಸಿಡಿಸ್‌ನದು 38 ಪಿನ್ನಿನ ದುಂಡು ಸಾಕೆಟ್. ಹೊರಗಿನ ಮೆಕ್ಯಾನಿಕ್ ಎಷ್ಟು ಯಂತ್ರ ಕೊಂಡಾನು?

ಈ ಗೊಂದಲಕ್ಕೆ ಕೊನೆ ಹಾಡಿದ್ದೂ ಹೊಗೆಯ ಕಾನೂನೇ. ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಎಚ್ಚರಿಕೆ ದೀಪ ಮತ್ತು ಕೋಡ್ ಕಡ್ಡಾಯ ಮಾಡಿತು. ಮುಂದಿನ ಹೆಜ್ಜೆ ಒಬಿಡಿ-2: ಎಲ್ಲರಿಗೂ ಒಂದೇ ಆಕಾರದ 16 ಪಿನ್ನಿನ ಸಾಕೆಟ್, ಒಂದೇ ರೀತಿಯ ಕೋಡ್. ಪಿ0301 ಎಂದರೆ ಯಾವ ಕಂಪನಿಯ ಕಾರಾದರೂ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಇದು ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ, ಭಾರತದಲ್ಲಿ ಬಿಎಸ್-4 ನಿಯಮದ ಜೊತೆಗೆ 2010ರಿಂದ ಹಂತಹಂತವಾಗಿ ಬಂತು.

ಗಮನಿಸಿ, ಇವೆಲ್ಲ ಆಯಾ ದೇಶದ ಕಾನೂನುಗಳು. ಗಲ್ಫ್‌ಗೆಂದು ತಯಾರಾದ ಕಾರಿಗೆ ಅಮೆರಿಕದ ಕಾನೂನಿನ ಹಂಗಿರಲಿಲ್ಲ. ಇಲ್ಲಿ 2000ದ ದಶಕದ ಆರಂಭದವರೆಗೂ ಸೀಸ ಬೆರೆತ ಪೆಟ್ರೋಲ್ ಬಳಕೆಯಲ್ಲಿತ್ತು. ಸೀಸ ತಗುಲಿದರೆ ಕನ್ವರ್ಟರ್ ಹಾಳಾಗುತ್ತದೆ. ಹಾಗಾಗಿ ಆ ಕಾಲದ ಹಲವು ಜಿಸಿಸಿ ಸ್ಪೆಕ್ ಕಾರುಗಳು ಕನ್ವರ್ಟರ್ ಇಲ್ಲದೆ, ಆಕ್ಸಿಜನ್ ಸೆನ್ಸರ್ ಕೂಡ ಇಲ್ಲದೆ ಬಂದವು. ಸಾಕೆಟ್ ಮಾತ್ರ 16 ಪಿನ್ನಿನದೇ ಇರಬಹುದು, ಒಳಗಿನ ಭಾಷೆ ಕಂಪನಿಯ ಹಳೆಯದು. ನಮ್ಮ ಕಾರಿನ ಗುಟ್ಟು ಇಷ್ಟೇ. 16ನೇ ಪಿನ್ನಿನಲ್ಲಿ ನೇರ ಬ್ಯಾಟರಿ ಕರೆಂಟ್ ಇರುತ್ತದೆ, ಆದ್ದರಿಂದ ರೀಡರಿನ ದೀಪ ಬೆಳಗಿತ್ತು. ದೀಪ ಬೆಳಗಿದ ಮಾತ್ರಕ್ಕೆ ಸಂಭಾಷಣೆ ಆಗುತ್ತಿದೆ ಎಂದಲ್ಲ.

ಹಾಗಾದರೆ ಕೊಳ್ಳುವವರು ನೋಡಬೇಕಾದ್ದೇನು? ಮುಲ್ಕಿಯಾದಲ್ಲಿರುವ ವರ್ಷ ಒಂದೇ ಸಾಲದು. ಕಾರು ಯಾವ ದೇಶದ ಮಾರುಕಟ್ಟೆಗೆ ತಯಾರಾದದ್ದು ಎಂದು ಮೊದಲು ಕೇಳಬೇಕು. ಅಮೆರಿಕನ್ ಸ್ಪೆಕ್ ಆಗಿದ್ದು 1996 ಅಥವಾ ಅನಂತರದ್ದಾದರೆ ಬಾನೆಟ್ ಕೆಳಗಿನ ಹೊಗೆ ನಿಯಂತ್ರಣದ ಚೀಟಿಯಲ್ಲಿ ಒಬಿಡಿ-2 ಎಂದು ಅಚ್ಚಾಗಿರುತ್ತದೆ. ಅಂಥ ಕಾರಿಗೆ ಸಾಧಾರಣ ರೀಡರ್ ಸಾಕು. ಆದರೆ ಒಬಿಡಿ-2ರಲ್ಲೂ ಐದು ಸಂವಹನ ಭಾಷೆಗಳಿವೆ. ಬಾಷ್ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬುದೊಂದೇ ಸಾಕೆಂದು ಅಮೆರಿಕದಲ್ಲಿ ನಿಗದಿಯಾದದ್ದು 2008ರ ಮಾಡೆಲ್‌ನಿಂದ. ಅದಕ್ಕಿಂತ ಹಳೆಯ ಕಾರಿಗೆ ಐದನ್ನೂ ಬಲ್ಲ ರೀಡರೇ ಬೇಕು. ಅಗ್ಗದ ರೀಡರ್‌ಗಳ ಮೂಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ327 ಚಿಪ್. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಇರಲಿಲ್ಲ. ಲೋಕವೆಲ್ಲ ನಕಲಿಗಳಿಂದ ತುಂಬಿತು. ಈ ನಕಲಿಗಳಲ್ಲಿ ಹಲವು ಹಳೆಯ ಭಾಷೆಗಳಲ್ಲಿ ತೊದಲುತ್ತವೆ. ಆದ್ದರಿಂದ ನಿಮ್ಮ ಕಾರಿಗೇ ಚುಚ್ಚಿ ನೋಡಿ ಹಣ ಕೊಡಿ, ಇಲ್ಲವೇ ವಾಪಸ್ ಪಡೆಯುವ ಅಂಗಡಿಯಲ್ಲಿ ಕೊಳ್ಳಿ. ಹಳೆಯ ಜಿಸಿಸಿ ಸ್ಪೆಕ್ ಕಾರಾದರೆ ಆ ಕಂಪನಿಯ ಹಳೆಯ ಭಾಷೆ ಬಲ್ಲ ಯಂತ್ರ ಬೇಕು, ಅಥವಾ ಮಿನುಗುವ ಕೋಡ್ ಎಣಿಸಬಲ್ಲ ಅನುಭವಿ ಬೇಕು.

ರೀಡರ್ ಕೈಯಲ್ಲಿದ್ದರೆ ಇನ್ನೊಂದು ಉಪಯೋಗವಿದೆ. ಕಾರು ಕೊಳ್ಳುವಾಗ ಕೀಲಿ ತಿರುಗಿಸಿದೊಡನೆ ಚೆಕ್ ಇಂಜಿನ್ ದೀಪ ಹತ್ತಿ, ಇಂಜಿನ್ ಶುರುವಾದ ಮೇಲೆ ಆರಬೇಕು. ಹತ್ತುವುದೇ ಇಲ್ಲವಾದರೆ ಬಲ್ಬ್ ಕಿತ್ತಿರಬಹುದು. ಒಬಿಡಿ-2 ಕಾರಾದರೆ ರೆಡಿನೆಸ್ ಎಂಬ ಪುಟವನ್ನೂ ತೆರೆದು ನೋಡಿ. ಅಲ್ಲಿ ಬಹುಪಾಲು ಪರೀಕ್ಷೆಗಳು ಮುಗಿದಿಲ್ಲ ಎಂದಿದ್ದರೆ, ಕೋಡ್ ಅಳಿಸಿಯೋ ಬ್ಯಾಟರಿ ತೆಗೆದು ಹಾಕಿಯೋ ಹೆಚ್ಚು ದಿನವಾಗಿಲ್ಲ ಎಂದರ್ಥ. ಮಾರುವವರ ನಗುವಿಗಿಂತ ಈ ಪುಟವನ್ನು ನಂಬಬಹುದು.

ನಮ್ಮ ಕಾರಿನ ಕಥೆ ಮುಗಿದದ್ದು ಇಂಡಸ್ಟ್ರಿಯಲ್ ಏರಿಯಾದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರ ಬಳಿ. ಅವರು ಒಂದು ಗೇಣು ತಂತಿಯಿಂದ ಸಾಕೆಟ್ಟಿನ ಎರಡು ಪಿನ್ ಜೋಡಿಸಿದರು. ಸರಿಯಾದ ಪಿನ್ ತಿಳಿಯದವರು ಇದಕ್ಕೆ ಕೈಹಾಕಬಾರದು ಎಂದು ಮೊದಲೇ ಗದರಿಸಿದರು. ದೀಪ ಎರಡು ಸಲ ಮಿನುಗಿ, ತಡೆದು, ಮತ್ತೆ ಎರಡು ಸಲ ಮಿನುಗಿತು. ಆ ಕಂಪನಿಯ ಪಟ್ಟಿಯಲ್ಲಿ 22 ಎಂದರೆ ಕೂಲಂಟಿನ ಬಿಸಿ ಅಳೆಯುವ ಸೆನ್ಸರ್. ನಾವು ಹೊಸ ಸೆನ್ಸರ್ ತರಲು ಹೊರಟೆವು. ಅವರು ತಡೆದು, ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆಯನ್ನು ನಾವೇ ಹುಡುಕಬೇಕು ಎಂದರು. ತಪ್ಪು ಸೆನ್ಸರಿನದಾಗಿರಲಿಲ್ಲ, ಅದಕ್ಕೆ ಹೋಗುವ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಬೆಸುಗೆ ಹಾಕಿದರು, ದೀಪ ಆರಿತು.

ಆ ಕಾರು ಈಗ ನಮ್ಮ ನಂತರ ರೂಮಿಗೆ ಬಂದ ಹುಡುಗರ ಕೈಯಲ್ಲಿದೆ. ಕೀಲಿಯ ಜೊತೆ ನಾವು ಕೊಟ್ಟದ್ದು ಎರಡು ವಸ್ತು: ಕೋಡ್‌ಗಳ ಪಟ್ಟಿ ಬರೆದಿಟ್ಟ ಒಂದು ನೋಟ್‌ಬುಕ್, ಮತ್ತು ಆ ಗೇಣುದ್ದದ ತಂತಿ.